ಲಿಂಕ್‌ವಿಟ್ಸ್ ಕೇಳಿದ ಪ್ರಶ್ನೆ: ಸ್ಪೀಕರಿನ ಶಬ್ದ ಯಾವ ದಿಕ್ಕಿಗೆ ಹೋಗುತ್ತದೆ?

ಸಭಾಂಗಣದಲ್ಲಿ ಧ್ವನಿವ್ಯವಸ್ಥೆಯನ್ನು ಹೊಂದಿಸುವ ತಂತ್ರಜ್ಞರು ಡಿಜಿಟಲ್ ಪ್ರೊಸೆಸರಿನಲ್ಲಿ, ಸಂಗೀತವನ್ನು ಕೆಳಗಿನ ಮತ್ತು ಮೇಲಿನ ಸ್ವರಗಳಾಗಿ ಪಾಲು ಮಾಡುವ ಕ್ರಾಸ್‌ಓವರ್ ಪುಟವನ್ನು ತೆರೆದರೆ ಅಲ್ಲಿ ಸಾಮಾನ್ಯವಾಗಿ ಮೂರು ಹೆಸರುಗಳು ಕಾಣುತ್ತವೆ: ಬಟರ್‌ವರ್ತ್, ಬೆಸೆಲ್, ಲಿಂಕ್‌ವಿಟ್ಸ್-ರೈಲಿ. ಹೆಚ್ಚಿನವರ ಕೈ ಮೂರನೆಯದಕ್ಕೆ, ಅದರಲ್ಲೂ ‘ಎಲ್‌ಆರ್ 24’ ಎಂಬ ಆಯ್ಕೆಗೆ ಹೋಗುತ್ತದೆ. ನಮ್ಮ ಊರಿನ ಕಲ್ಯಾಣಮಂಟಪದ ಸ್ಪೀಕರುಗಳಿಗೂ ಯುರೋಪಿನ ನಾಟಕಶಾಲೆಯ ಸ್ಪೀಕರುಗಳಿಗೂ ಈ ಆಯ್ಕೆ ಒಂದೇ. ಬೆಸೆಲ್ 19ನೆಯ ಶತಮಾನದ ಜರ್ಮನ್ ಖಗೋಳಜ್ಞ ಮತ್ತು ಗಣಿತಜ್ಞ. ಬಟರ್‌ವರ್ತ್ ಕೆಲವು ಸ್ವರಗಳನ್ನು ಹಾಯಬಿಟ್ಟು ಉಳಿದವನ್ನು ಕುಗ್ಗಿಸುವ ತಮ್ಮ ಫಿಲ್ಟರನ್ನು 1930ರಲ್ಲಿ ವಿವರಿಸಿದ ಬ್ರಿಟಿಷ್ ಭೌತವಿಜ್ಞಾನಿ. ಇಬ್ಬರ ಹೆಸರುಗಳೂ ಬೇರೆ ಕ್ಷೇತ್ರಗಳಿಂದ ಸ್ಪೀಕರುಗಳ ಲೋಕಕ್ಕೆ ಬಂದವು. ಮೂರನೆಯ ಹೆಸರು ಮಾತ್ರ ಸ್ಪೀಕರಿನ ಸಮಸ್ಯೆಯಿಂದಲೇ ಹುಟ್ಟಿದ್ದು. ಆ ಹೆಸರಿನ ಮೊದಲ ಅರ್ಧಕ್ಕೆ ಕಾರಣರಾದ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ 2018ರ ಸೆಪ್ಟೆಂಬರ್ 11ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಅವರಿಗೆ 82 ವರ್ಷವಾಗಿತ್ತು.

ಅವರನ್ನು ನೆನೆಯುವುದಕ್ಕೆ ಅವರು ಮಾಡಿದ್ದನ್ನು ಅರ್ಥಮಾಡಿಕೊಳ್ಳುವುದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ. ಹೈ-ಫೈ ಲೋಕದಲ್ಲಿ ಹೆಸರು ಮಾಡಿದ ಅನೇಕರು ಒಂದು ಒಳ್ಳೆಯ ಪೆಟ್ಟಿಗೆಯನ್ನೋ ಒಂದು ಒಳ್ಳೆಯ ಆಂಪ್ಲಿಫೈಯರನ್ನೋ ಬಿಟ್ಟುಹೋಗಿದ್ದಾರೆ. ಲಿಂಕ್‌ವಿಟ್ಸ್ ಬಿಟ್ಟುಹೋದದ್ದು ಒಂದು ಪ್ರಶ್ನೆಯನ್ನು ಮತ್ತು ಆ ಪ್ರಶ್ನೆಗೆ ನಾಲ್ಕು ದಶಕಗಳ ಉದ್ದಕ್ಕೂ ಹುಡುಕಿದ ಉತ್ತರಗಳನ್ನು. ಸ್ಪೀಕರಿನ ಮುಂದೆ ನೇರವಾಗಿ ಕುಳಿತವನ ಕಿವಿಗೆ ಏನು ತಲುಪುತ್ತದೆ ಎಂಬುದನ್ನು ಎಲ್ಲರೂ ಕೇಳುತ್ತಿದ್ದರು. ಉಳಿದ ಎಲ್ಲ ದಿಕ್ಕುಗಳಿಗೆ ಏನು ಹೋಗುತ್ತದೆ ಮತ್ತು ಅದು ಗೋಡೆಗೆ ಬಡಿದು ಮರಳಿ ಬಂದಾಗ ಏನಾಗುತ್ತದೆ ಎಂಬುದನ್ನು ಅವರು ಕೇಳಿದರು.

ಲಿಂಕ್‌ವಿಟ್ಸ್ 1935ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಡಾರ್ಮ್‌ಸ್ಟಾಟ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, 1961ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದು ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯನ್ನು ಸೇರಿದರು. ಅಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಅವರು ಮಾಡಿದ್ದು ರೇಡಿಯೊ ಮತ್ತು ಮೈಕ್ರೋವೇವ್ ಅಲೆಗಳನ್ನು ಅಳೆಯುವ ಉಪಕರಣಗಳ ವಿನ್ಯಾಸದ ಕೆಲಸ. ಸ್ಪೀಕರ್ ಕೆಲಸ ಬಿಡುವಿನ ವೇಳೆಯದು. ಆದರೆ ಹಗಲಿನ ವೃತ್ತಿಯು ಸಂಜೆಯ ಹವ್ಯಾಸಕ್ಕೆ ಕೊಟ್ಟ ಕಾಣಿಕೆ ದೊಡ್ಡದು. ಆಂಟೆನಾಗಳೊಂದಿಗೆ ಒಡನಾಡಿದವರಿಗೆ ಅಲೆಯೊಂದು ಎಲ್ಲ ದಿಕ್ಕಿಗೂ ಒಂದೇ ತೆರನಾಗಿ ಹೊರಡುವುದಿಲ್ಲ ಎಂಬುದು, ಒಂದೇ ಅಲೆಯನ್ನು ಎರಡು ಕಡೆಗಳಿಂದ ಬಿಟ್ಟರೆ ಅವು ಕೆಲವು ದಿಕ್ಕುಗಳಲ್ಲಿ ಕೂಡಿಕೊಂಡು ಕೆಲವು ದಿಕ್ಕುಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ ಎಂಬುದು ದಿನನಿತ್ಯದ ಸಂಗತಿ. ಸ್ಪೀಕರನ್ನೂ ಅವರು ಆ ಕಣ್ಣಿನಿಂದಲೇ ನೋಡಿದರು.

ಇಲ್ಲಿ ಸ್ಪೀಕರಿನ ಮೂಲ ತೊಡಕನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮನುಷ್ಯರ ಕಿವಿ ಕೇಳಬಲ್ಲ ಶಬ್ದಗಳು ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಹರಡಿವೆ. ಗಾಳಿಯಲ್ಲಿ ಮೊದಲನೆಯದರ ತರಂಗದೂರ 17 ಮೀಟರ್, ಕೊನೆಯದರದು 1.7 ಸೆಂಟಿಮೀಟರ್. ಸಾವಿರ ಪಟ್ಟು ಅಂತರವಿರುವ ಈ ಎರಡು ತುದಿಗಳನ್ನು ಒಂದೇ ಪೊರೆಯಿಂದ ಚೆನ್ನಾಗಿ ನುಡಿಸುವುದು ಕಷ್ಟ. ಮಂದ್ರಕ್ಕೆ ದೊಡ್ಡ ಪೊರೆ ಬೇಕು, ಏಕೆಂದರೆ ಬಹಳ ಗಾಳಿಯನ್ನು ತಳ್ಳಬೇಕು; ತಾರಕ್ಕೆ ಹಗುರವಾದ ಸಣ್ಣ ಪೊರೆ ಬೇಕು, ಏಕೆಂದರೆ ಅದು ಸೆಕೆಂಡಿಗೆ ಸಾವಿರಾರು ಸಲ ಹಿಂದೆ ಮುಂದೆ ಹೋಗಿ ಬರಬೇಕು. ಮೃದಂಗಕ್ಕೆ ಎಡ ಮುಚ್ಚಿಗೆ ಬೇರೆ, ಬಲ ಮುಚ್ಚಿಗೆ ಬೇರೆ ಇರುವಂತೆ, ಸ್ಪೀಕರಿನಲ್ಲಿಯೂ ಕೆಳಗಿನ ಸ್ವರಗಳಿಗೆ ವೂಫರ್, ಮೇಲಿನ ಸ್ವರಗಳಿಗೆ ಟ್ವೀಟರ್ ಎಂದು ಕೆಲಸವನ್ನು ಹಂಚಬೇಕಾಗುತ್ತದೆ. ಬಂದ ಸಂಗೀತವನ್ನು ಎರಡು ಪಾಲು ಮಾಡಿ, ಯಾವುದು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಕಳಿಸುವ ವಿದ್ಯುತ್ ಮಂಡಲವೇ ಕ್ರಾಸ್‌ಓವರ್.

ಕ್ರಾಸ್‌ಓವರನ್ನು ಚಾಕುವಿನಿಂದ ಕತ್ತರಿಸಿದ ಗೆರೆ ಎಂದು ಭಾವಿಸಬಾರದು, ಅದು ಇಳಿಜಾರು. 2,000 ಹರ್ಟ್ಸ್‌ನಲ್ಲಿ ಪಾಲು ಮಾಡಿದರೆ ಅದಕ್ಕಿಂತ ಮೇಲಿನ ಸ್ವರಗಳು ವೂಫರಿನಲ್ಲಿ ಕ್ರಮೇಣ ಕುಗ್ಗುತ್ತ ಹೋಗುತ್ತವೆ, ಕೆಳಗಿನ ಸ್ವರಗಳು ಟ್ವೀಟರಿನಲ್ಲಿ ಕುಗ್ಗುತ್ತ ಹೋಗುತ್ತವೆ. ಎಷ್ಟು ಬೇಗ ಕುಗ್ಗುತ್ತವೆ ಎಂಬುದನ್ನು ಒಂದು ಸ್ಥಾಯಿಗೆ, ಅಂದರೆ ಷಡ್ಜದಿಂದ ಮೇಲಿನ ಷಡ್ಜದಷ್ಟು ದೂರಕ್ಕೆ, ಇಷ್ಟು ಡೆಸಿಬೆಲ್ ಎಂದು ಹೇಳುತ್ತಾರೆ. ಎಲ್‌ಆರ್ 24 ಎಂಬಲ್ಲಿನ 24 ಈ ಇಳಿಜಾರಿನ ಅಳತೆ. ಪಾಲಿನ ಬಿಂದುವಿನ ಅಕ್ಕಪಕ್ಕದಲ್ಲಿ ಎರಡೂ ಘಟಕಗಳು ಒಂದೇ ಸ್ವರವನ್ನು ಒಟ್ಟಿಗೆ ನುಡಿಸುತ್ತಿರುತ್ತವೆ. ಎಲ್ಲ ತೊಂದರೆಯೂ ಹುಟ್ಟುವುದು ಈ ಒಟ್ಟಿಗೆ ನುಡಿಸುವ ವಲಯದಲ್ಲಿ. ಮನುಷ್ಯಕಂಠದ ವ್ಯಂಜನಗಳ ಸ್ಪಷ್ಟತೆಯೂ ಪಿಟೀಲಿನ ಬಿಲ್ಲಿನ ಸ್ಪರ್ಶವೂ ಸಾಮಾನ್ಯವಾಗಿ ಇದೇ ವಲಯದ ಆಸುಪಾಸಿನಲ್ಲಿ ಬೀಳುತ್ತವೆ.

ಎರಡು ಅಲೆಗಳು ಕೂಡುವಾಗ ಅವುಗಳ ಎತ್ತರ ಮಾತ್ರವಲ್ಲ, ಅವುಗಳ ಹೆಜ್ಜೆಯೂ ಲೆಕ್ಕಕ್ಕೆ ಬರುತ್ತದೆ. ಎಂಜಿನಿಯರರು ಇದನ್ನು ಫೇಸ್ ಎನ್ನುತ್ತಾರೆ, ಭೌತಶಾಸ್ತ್ರದ ಕನ್ನಡ ಪಠ್ಯಗಳು ಪ್ರಾವಸ್ಥೆ ಎನ್ನುತ್ತವೆ. ಒಂದರ ಉಬ್ಬು ಇನ್ನೊಂದರ ಉಬ್ಬಿನ ಮೇಲೆ ಬಿದ್ದರೆ ಒತ್ತಡ ಎರಡು ಪಟ್ಟಾಗುತ್ತದೆ, ಅಂದರೆ 6 ಡೆಸಿಬೆಲ್ ಏರುತ್ತದೆ. ಉಬ್ಬು ತಗ್ಗಿನ ಮೇಲೆ ಬಿದ್ದರೆ ಎರಡೂ ಅಳಿದುಹೋಗುತ್ತವೆ. ಕಾಲು ಅಲೆಯಷ್ಟು ಹೆಜ್ಜೆ ತಪ್ಪಿದರೆ ಫಲ ನಡುವಿನದು: 3 ಡೆಸಿಬೆಲ್ ಏರಿಕೆ. ಫಿಲ್ಟರು ಶಬ್ದವನ್ನು ಕುಗ್ಗಿಸುವಾಗ ಅದರ ಹೆಜ್ಜೆಯನ್ನೂ ಹಿಂದುಮುಂದಾಗಿಸುತ್ತದೆ ಎಂಬುದು ಇಲ್ಲಿನ ಬಿಕ್ಕಟ್ಟು.

1970ರ ದಶಕದಲ್ಲಿ ಗೌರವದಿಂದ ಬಳಕೆಯಾಗುತ್ತಿದ್ದುದು ಮೂರನೆಯ ದರ್ಜೆಯ, ಎಂದರೆ ಸ್ಥಾಯಿಗೆ 18 ಡೆಸಿಬೆಲ್ ಇಳಿಯುವ ಬಟರ್‌ವರ್ತ್ ಫಿಲ್ಟರು. ಅದರಲ್ಲಿ ಪಾಲಿನ ಬಿಂದುವಿನಲ್ಲಿ ಎರಡೂ ಘಟಕಗಳು 3 ಡೆಸಿಬೆಲ್ ಕೆಳಗಿರುತ್ತವೆ ಮತ್ತು ಅವುಗಳ ನಡುವೆ ಕಾಲು ಅಲೆಯ ಅಂತರವಿರುತ್ತದೆ. ಕಾಲು ಅಲೆಯ ಅಂತರದಲ್ಲಿ ಕೂಡಿದಾಗ 3 ಡೆಸಿಬೆಲ್ ಏರುವುದರಿಂದ ಲೆಕ್ಕ ಸರಿಹೋಗುತ್ತದೆ, ಮೊತ್ತ ಸಮತಟ್ಟು. ಕಾಗದದ ಮೇಲೆ ಇದಕ್ಕಿಂತ ಅಚ್ಚುಕಟ್ಟು ಬೇರೆ ಬೇಕಿಲ್ಲ. ಆದರೆ ಕಾಗದದ ಮೇಲಿನ ಲೆಕ್ಕ ಎರಡೂ ಘಟಕಗಳು ಒಂದೇ ಬಿಂದುವಿನಲ್ಲಿವೆ ಎಂದು ಮೊದಲೇ ಒಪ್ಪಿಕೊಂಡಿರುತ್ತದೆ. ನಿಜವಾದ ಪೆಟ್ಟಿಗೆಯಲ್ಲಿ ವೂಫರ್ ಕೆಳಗೆ, ಟ್ವೀಟರ್ ಮೇಲೆ.

ಅಂಕಿಗಳಲ್ಲಿ ನೋಡೋಣ. 2,000 ಹರ್ಟ್ಸ್‌ನ ತರಂಗದೂರ ಸುಮಾರು 17 ಸೆಂಟಿಮೀಟರ್. ವೂಫರಿನ ಮತ್ತು ಟ್ವೀಟರಿನ ಕೇಂದ್ರಗಳ ನಡುವಿನ ಅಂತರವೂ 17 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಸ್ಪೀಕರಿಗೆ ನೇರವಾಗಿ ಕುಳಿತವರಿಗೆ ಎರಡರ ದೂರವೂ ಸಮ. ಸುಮಾರು 15 ಡಿಗ್ರಿ ಮೇಲಕ್ಕೋ ಕೆಳಕ್ಕೋ ಸರಿದರೆ ಒಂದು ಘಟಕ ಇನ್ನೊಂದಕ್ಕಿಂತ ಕಾಲು ತರಂಗದೂರದಷ್ಟು ಹತ್ತಿರವಾಗುತ್ತದೆ. ಫಿಲ್ಟರಿನಲ್ಲಿ ಮೊದಲೇ ಕಾಲು ಅಲೆಯ ಅಂತರವಿದೆಯಲ್ಲ! ಒಂದು ಬದಿಯಲ್ಲಿ ಈ ಎರಡು ಕಾಲುಗಳು ಒಂದನ್ನೊಂದು ತೀರಿಸಿಕೊಂಡು ಅಲೆಗಳ ಹೆಜ್ಜೆ ಕೂಡಿ 3 ಡೆಸಿಬೆಲ್ ಉಬ್ಬು ಏಳುತ್ತದೆ; ಇನ್ನೊಂದು ಬದಿಯಲ್ಲಿ ಎರಡು ಕಾಲುಗಳು ಸೇರಿ ಅರ್ಧ ಅಲೆಯಾಗಿ ಆ ಸ್ವರವೇ ಅಳಿಸಿಹೋಗುತ್ತದೆ. ಮೂರು ಮೀಟರ್ ದೂರದಲ್ಲಿ 15 ಡಿಗ್ರಿ ಎಂದರೆ ಮುಕ್ಕಾಲು ಮೀಟರಿಗಿಂತ ತುಸು ಹೆಚ್ಚು. ನೆಲದ ಮೇಲೆ ಕುಳಿತವರು ಎದ್ದು ನಿಂತರೆ ಕಿವಿ ಹೆಚ್ಚುಕಡಿಮೆ ಅಷ್ಟು ಮೇಲೇರುತ್ತದೆ. ಅಂದರೆ ಆ ಸ್ಪೀಕರು ತನ್ನ ಮುಖ್ಯ ಕಿರಣವನ್ನು ಕೇಳುಗರತ್ತ ಬಿಡದೆ ನೆಲದತ್ತಲೋ ಚಾವಣಿಯತ್ತಲೋ ಓರೆಯಾಗಿ ಬಿಡುತ್ತಿರುತ್ತದೆ, ಅದೂ ಪಾಲಿನ ಬಿಂದುವಿನ ಆಸುಪಾಸಿನಲ್ಲಿ ಮಾತ್ರ. ಅದಕ್ಕಿಂತ ಬಹಳ ಮೇಲೆ ಅಥವಾ ಬಹಳ ಕೆಳಗೆ ಕಿರಣ ನೇರವಾಗಿಯೇ ಇರುತ್ತದೆ. ಹಾಡುಗಾರರು ಸ್ವರದಿಂದ ಸ್ವರಕ್ಕೆ ಹೋಗುವಾಗ ಸ್ಪೀಕರು ತಲೆಯಾಡಿಸುತ್ತಿದ್ದಂತೆ ಇದು.

1976ರ ಆರಂಭದಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಲಿಂಕ್‌ವಿಟ್ಸ್ ಪ್ರಕಟಿಸಿದ ಲೇಖನದ ವಿಷಯ ನಿಖರವಾಗಿ ಇದೇ: ಒಂದೇ ಜಾಗದಲ್ಲಿಲ್ಲದ ಘಟಕಗಳಿಗೆ ತಕ್ಕ ಕ್ರಾಸ್‌ಓವರ್. ಅವರು ಮುಂದಿಟ್ಟ ಬೇಡಿಕೆ ಕೇಳುವುದಕ್ಕೆ ಸರಳ. ಪಾಲಿನ ಬಿಂದುವಿನಲ್ಲಿ ಮಾತ್ರವಲ್ಲ, ಎಲ್ಲ ಸ್ವರಗಳಲ್ಲೂ ಎರಡು ಘಟಕಗಳ ಹೆಜ್ಜೆ ಒಂದೇ ಆಗಿರಬೇಕು. ಆಗ ಕಿರಣ ಓರೆಯಾಗುವುದಕ್ಕೆ ಕಾರಣವೇ ಇರುವುದಿಲ್ಲ. ಹೆಜ್ಜೆ ಕೂಡಿದ ಎರಡು ಸಮ ಅಲೆಗಳು 6 ಡೆಸಿಬೆಲ್ ಏರುವುದರಿಂದ ಪಾಲಿನ ಬಿಂದುವಿನಲ್ಲಿ ಪ್ರತಿಯೊಂದೂ 3ರ ಬದಲು 6 ಡೆಸಿಬೆಲ್ ಕೆಳಗಿರಬೇಕು. ಈ ಎರಡನ್ನೂ ಪೂರೈಸುವ ಫಿಲ್ಟರನ್ನು ಹ್ಯೂಲೆಟ್-ಪ್ಯಾಕರ್ಡ್‌ನಲ್ಲಿ ಅವರ ಸಹೋದ್ಯೋಗಿಯಾಗಿದ್ದ ರಸ್ ರೈಲಿ ತೋರಿಸಿಕೊಟ್ಟರು: ಎರಡನೆಯ ದರ್ಜೆಯ ಎರಡು ಬಟರ್‌ವರ್ತ್ ಫಿಲ್ಟರುಗಳನ್ನು ಒಂದರ ಹಿಂದೆ ಒಂದು ಜೋಡಿಸುವುದು. ಒಂದೊಂದೂ ಪಾಲಿನ ಬಿಂದುವಿನಲ್ಲಿ 3 ಡೆಸಿಬೆಲ್ ಕುಗ್ಗಿಸುವುದರಿಂದ ಎರಡೂ ಸೇರಿ 6. ಒಂದೊಂದರ ಇಳಿಜಾರು 12 ಆದ್ದರಿಂದ ಎರಡೂ ಸೇರಿ 24. ವೂಫರಿಗೂ ಟ್ವೀಟರಿಗೂ ನಡುವೆ ಉಳಿಯುವ ಅಂತರ ಒಂದು ಪೂರ್ಣ ಸುತ್ತು, 360 ಡಿಗ್ರಿ. ಒಂದು ಪೂರ್ಣ ಸುತ್ತು ತಿರುಗಿದ ಅಲೆಗೂ ತಿರುಗದ ಅಲೆಗೂ ಕೂಡುವಾಗ ವ್ಯತ್ಯಾಸವಿಲ್ಲ.

ಇದೇ ಲಿಂಕ್‌ವಿಟ್ಸ್-ರೈಲಿ ಕ್ರಾಸ್‌ಓವರ್. ಮೇಲಿನ ಉದಾಹರಣೆಯ ಪೆಟ್ಟಿಗೆಗೆ ಇದನ್ನು ಅಳವಡಿಸಿದರೆ 15 ಡಿಗ್ರಿಯ ಕುಳಿ 30 ಡಿಗ್ರಿಗೆ ಸರಿಯುತ್ತದೆ, ಮತ್ತು ಮೇಲೆ ಕೆಳಗೆ ಸಮನಾಗಿ ನಿಲ್ಲುತ್ತದೆ. ಯಾವ ದಿಕ್ಕಿನಲ್ಲೂ ಉಬ್ಬು ಏಳುವುದಿಲ್ಲ. ಇನ್ನೊಂದು ಲಾಭ ಟ್ವೀಟರಿನ ಆರೋಗ್ಯಕ್ಕೆ ಸಂಬಂಧಿಸಿದ್ದು. ಪಾಲಿನ ಬಿಂದುವಿಗಿಂತ ಒಂದು ಸ್ಥಾಯಿ ಕೆಳಗೆ ಟ್ವೀಟರಿಗೆ ತಲುಪುವುದು ಮೂಲದ 17ರಲ್ಲಿ ಒಂದು ಪಾಲು ಮಾತ್ರ, ಆದ್ದರಿಂದ ಗಟ್ಟಿಯಾಗಿ ನುಡಿಸಿದರೂ ಆ ಸಣ್ಣ ಪೊರೆ ಶಕ್ತಿಮೀರಿ ಕುಣಿಯಬೇಕಾಗುವುದಿಲ್ಲ. ಕೊಡಬೇಕಾದ ಬೆಲೆಯೂ ಇದೆ. ಒಟ್ಟು ಶಬ್ದದ ಮಟ್ಟ ಸಮತಟ್ಟಾಗಿದ್ದರೂ ಕೆಳಗಿನ ಸ್ವರಗಳು ಮೇಲಿನ ಸ್ವರಗಳಿಗಿಂತ ತುಸು ತಡವಾಗಿ ಹೊರಬರುತ್ತವೆ. ಸಾಮಾನ್ಯ ಪಾಲಿನ ಬಿಂದುಗಳಲ್ಲಿ ಸಂಗೀತ ಕೇಳುವಾಗ ಈ ತಡವನ್ನು ಕಿವಿ ಗುರುತಿಸುವುದು ಬಹಳ ಕಷ್ಟ. ಕಿರಣ ಓರೆಯಾಗುವುದು, ಕುಳಿ ಬೀಳುವುದು ಇದಕ್ಕಿಂತ ಬಹಳ ದೊಡ್ಡ ತಪ್ಪುಗಳು. ಯಾವ ತಪ್ಪನ್ನು ಸಹಿಸಬಹುದು, ಯಾವುದನ್ನು ಸಹಿಸಬಾರದು ಎಂದು ತೂಗಿ ನೋಡುವ ಈ ವಿವೇಕವೇ ಒಳ್ಳೆಯ ಎಂಜಿನಿಯರನ ಗುರುತು ಎಂದು ನನಗೆ ಅನ್ನಿಸುತ್ತದೆ. ಹಾಗೆಯೇ, ಲೇಖನ ಲಿಂಕ್‌ವಿಟ್ಸ್ ಅವರ ಹೆಸರಿನಲ್ಲಿ ಬಂದರೂ ಫಿಲ್ಟರಿನ ಹೆಸರಿನಲ್ಲಿ ರೈಲಿಯವರು ಇಂದಿಗೂ ಉಳಿದಿರುವುದು ನನಗೆ ಬಹಳ ಇಷ್ಟವಾದ ಸಂಗತಿ.

ಲಿಂಕ್‌ವಿಟ್ಸ್ ಅವರ ಹೆಸರು ಹೊತ್ತ ಇನ್ನೊಂದು ಮಂಡಲವಿದೆ, ಲಿಂಕ್‌ವಿಟ್ಸ್ ಟ್ರಾನ್ಸ್‌ಫಾರ್ಮ್. ಅದನ್ನು ಚುಟುಕಾಗಿ ಹೇಳಬಹುದು. ಮುಚ್ಚಿದ ಪೆಟ್ಟಿಗೆಯೊಳಗಿನ ವೂಫರಿಗೆ ಒಂದು ಸಹಜ ಅನುರಣನದ ಬಿಂದುವಿರುತ್ತದೆ. ಅದರ ಕೆಳಗೆ ಶಬ್ದ ಸ್ಥಾಯಿಗೆ 12 ಡೆಸಿಬೆಲ್‌ನಂತೆ ಇಳಿಯುತ್ತದೆ. ಪೆಟ್ಟಿಗೆ ಚಿಕ್ಕದಾದಷ್ಟೂ ಆ ಬಿಂದು ಮೇಲೇರುತ್ತದೆ. ಈ ಇಳಿತವನ್ನು ಕರಾರುವಾಕ್ಕಾಗಿ ತಿರುವುಮುರುವು ಮಾಡಿ ಬೇಕಾದ ಹೊಸ ಬಿಂದುವನ್ನು ಅದರ ಜಾಗದಲ್ಲಿ ಕೂರಿಸುವ ಮಂಡಲ ಅದು. 60 ಹರ್ಟ್ಸ್‌ನಲ್ಲಿ ಇಳಿಯತೊಡಗುವ ಸಣ್ಣ ಪೆಟ್ಟಿಗೆಯನ್ನು 30 ಹರ್ಟ್ಸ್‌ವರೆಗೆ ಇಳಿಸಬಹುದು, ಆದರೆ ತಳದಲ್ಲಿ 12 ಡೆಸಿಬೆಲ್ ಹೆಚ್ಚು, ಅಂದರೆ 16 ಪಟ್ಟು ವಿದ್ಯುತ್ ಬೇಕು; ಒಂದು ಸ್ಥಾಯಿ ಕೆಳಗಿನ ಸ್ವರವನ್ನು ಅಷ್ಟೇ ಗಟ್ಟಿಯಾಗಿ ನುಡಿಸಲು ಪೊರೆ ನಾಲ್ಕು ಪಟ್ಟು ದೂರ ಚಲಿಸಬೇಕು. ಮಂಡಲವು ಭೌತಶಾಸ್ತ್ರವನ್ನು ಮೀರುವುದಿಲ್ಲ, ಅದರ ಲೆಕ್ಕವನ್ನು ಮುಂಚಿತವಾಗಿ ತೋರಿಸುತ್ತದೆ. ಕೊಠಡಿಯಲ್ಲಿಯೇ ಸ್ಪೀಕರಿನ ಮಿತಿಯನ್ನು ಅಳೆಯಲು ಅವರು 1980ರಲ್ಲಿ ವಿವರಿಸಿದ ವಿಧಾನವೂ ಇಂಥದೇ: ಆರಂಭವನ್ನೂ ಅಂತ್ಯವನ್ನೂ ನಯಗೊಳಿಸಿದ ಕೆಲವೇ ಅಲೆಗಳ ಒಂದು ಚಿಕ್ಕ ಸ್ವರ.

ಇಷ್ಟಕ್ಕೇ ನಿಂತಿದ್ದರೂ ಅವರ ಹೆಸರು ಪಠ್ಯಪುಸ್ತಕಗಳಲ್ಲಿ ಉಳಿಯುತ್ತಿತ್ತು. ಆದರೆ ಎರಡು ಘಟಕಗಳ ನಡುವಿನ ದಿಕ್ಕಿನ ಪ್ರಶ್ನೆ ಬಗೆಹರಿದ ಮೇಲೆ ಅವರನ್ನು ಕಾಡಿದ್ದು ಇಡೀ ಪೆಟ್ಟಿಗೆಯ ದಿಕ್ಕಿನ ಪ್ರಶ್ನೆ. ಸಾಮಾನ್ಯ ಪೆಟ್ಟಿಗೆಯಿಂದ ಮಂದ್ರ ಸ್ವರಗಳು ಎಲ್ಲ ಕಡೆಗೂ, ಹಿಂದಕ್ಕೂ ಸಹ, ಸಮನಾಗಿ ಹರಡುತ್ತವೆ, ಏಕೆಂದರೆ ಅವುಗಳ ತರಂಗದೂರದ ಮುಂದೆ ಪೆಟ್ಟಿಗೆ ತೀರ ಚಿಕ್ಕದು. ಸ್ವರ ಮೇಲೇರಿದಂತೆ ಶಬ್ದ ಮುಂದಕ್ಕೆ ಮಾತ್ರ ಹೋಗತೊಡಗುತ್ತದೆ. ತೀರ ಮೇಲಿನ ಸ್ವರಗಳು ಟಾರ್ಚಿನ ಬೆಳಕಿನಂತೆ ಕಿರಿದಾಗುತ್ತವೆ. ಹೀಗಾಗಿ ನೇರವಾಗಿ ಬರುವ ಶಬ್ದ ಸಮತೋಲನದಲ್ಲಿದ್ದರೂ ಗೋಡೆಗಳಿಂದ ಮರಳಿ ಬರುವ ಶಬ್ದದಲ್ಲಿ ಕೆಳಗಿನದು ಹೆಚ್ಚು, ಮೇಲಿನದು ಕಡಿಮೆ. ಪಕ್ಕದ ಕೋಣೆಯಲ್ಲಿ ಯಾರೋ ನಿಜವಾಗಿ ವೀಣೆ ನುಡಿಸುತ್ತಿದ್ದಾರೆಯೋ, ಸ್ಪೀಕರ್ ನುಡಿಯುತ್ತಿದೆಯೋ ಎಂಬುದನ್ನು ನಾವು ಬಾಗಿಲಾಚೆಯಿಂದಲೇ ಎಷ್ಟೋ ಸಲ ಹೇಳಬಲ್ಲೆವು. ನೇರ ಶಬ್ದ ನಮ್ಮನ್ನು ಅಲ್ಲಿ ತಲುಪುವುದೇ ಇಲ್ಲ. ಗುಟ್ಟನ್ನು ಬಯಲುಮಾಡುವುದು ಮರುಶಬ್ದವೇ.

ಲಿಂಕ್‌ವಿಟ್ಸ್ ಕಂಡುಕೊಂಡ ದಾರಿ ಪೆಟ್ಟಿಗೆಯನ್ನೇ ತೆಗೆದುಬಿಡುವುದು. ತೆರೆದ ಹಲಗೆಗೆ ಸ್ಪೀಕರನ್ನು ಕೂರಿಸಿದರೆ ಪೊರೆ ಮುಂದಕ್ಕೆ ಗಾಳಿಯನ್ನು ತಳ್ಳುವಾಗಲೇ ಹಿಂದಿನಿಂದ ಗಾಳಿಯನ್ನು ಎಳೆಯುತ್ತದೆ. ಮುಂದಿನ ಅಲೆಯೂ ಹಿಂದಿನ ಅಲೆಯೂ ಒಂದಕ್ಕೊಂದು ವಿರುದ್ಧ. ಹಲಗೆಯ ಅಂಚಿಗೆ ನೇರವಾದ ಪಕ್ಕದ ದಿಕ್ಕಿನಲ್ಲಿ ಎರಡೂ ಸಮ ದೂರದಿಂದ ಬಂದು ಪರಸ್ಪರ ಅಳಿಯುತ್ತವೆ. ಉಳಿಯುವುದು ಮುಂದೊಂದು, ಹಿಂದೊಂದು ಗೋಳ. ಮೇಲಿನಿಂದ ನೋಡಿದರೆ ಇಂಗ್ಲಿಷಿನ 8 ಅಂಕಿಯ ಆಕಾರ. ಇದನ್ನು ಡೈಪೋಲ್ ಎನ್ನುತ್ತಾರೆ. ಹಲಗೆಯನ್ನೂ ಘಟಕಗಳನ್ನೂ ಸರಿಯಾಗಿ ಆಯ್ದುಕೊಂಡರೆ ಈ ಆಕಾರ ಮಂದ್ರದಿಂದ ಬಹಳ ಮೇಲಿನವರೆಗೆ ಹೆಚ್ಚು ಬದಲಾಗುವುದಿಲ್ಲ. ಮುಂದೆ ಅಷ್ಟೇ ಗಟ್ಟಿಯಾಗಿ ಕೇಳಿಸುವ, ಎಲ್ಲ ಕಡೆಗೂ ಸಮನಾಗಿ ಹರಡುವ ಸ್ಪೀಕರಿಗೆ ಹೋಲಿಸಿದರೆ ಡೈಪೋಲ್ ಕೋಣೆಯೊಳಗೆ ಸುರಿಯುವ ಒಟ್ಟು ಶಬ್ದಶಕ್ತಿ ಮೂರನೆಯ ಒಂದು ಭಾಗ, 4.8 ಡೆಸಿಬೆಲ್ ಕಡಿಮೆ. ಪಕ್ಕದ ಗೋಡೆಗಳಿಗೆ ಹೋಗುವ ಶಬ್ದ ತಗ್ಗುತ್ತದೆ, ಕೋಣೆಯ ಗುಂಯ್‌ಗುಡುವಿಕೆಯೂ ತಗ್ಗುತ್ತದೆ.

ಸುಲಭವಾಗಿದ್ದರೆ ಎಲ್ಲರೂ ಇದನ್ನೇ ಮಾಡುತ್ತಿದ್ದರು. ಸ್ವರ ಕೆಳಗಿಳಿದಂತೆ ಹಿಂದಿನ ಅಲೆ ಹಲಗೆಯನ್ನು ಬಳಸಿಕೊಂಡು ಬಂದು ಮುಂದಿನ ಅಲೆಯನ್ನು ಅಳಿಸುವುದು ಹೆಚ್ಚುತ್ತದೆ. ಸ್ಥಾಯಿಗೆ 6 ಡೆಸಿಬೆಲ್‌ನಂತೆ ಶಬ್ದ ಸೋರಿಹೋಗುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ಒಂದು ಸ್ಥಾಯಿ ಕೆಳಗಿಳಿಯಲು ಪೊರೆ ನಾಲ್ಕು ಪಟ್ಟು ದೂರ ಚಲಿಸಿದರೆ ಸಾಕಾಗಿತ್ತು, ಡೈಪೋಲಿನಲ್ಲಿ ಎಂಟು ಪಟ್ಟು ಬೇಕು. ದೂರ ಚಲಿಸಬಲ್ಲ ದೊಡ್ಡ ವೂಫರುಗಳು, ಪ್ರತಿ ಘಟಕಕ್ಕೂ ಪ್ರತ್ಯೇಕ ಆಂಪ್ಲಿಫೈಯರು, ಸೋರಿಕೆಯನ್ನು ತುಂಬಿಕೊಡುವ ಮಂಡಲ ಇವೆಲ್ಲ ಇಲ್ಲದೆ ಈ ದಾರಿಯಲ್ಲಿ ಹೆಜ್ಜೆ ಇಡಲಾಗುವುದಿಲ್ಲ. 1990ರ ದಶಕದಲ್ಲಿ ಮಾರ್ಷಲ್ ಕೇ ಅವರೊಡನೆ ಲಿಂಕ್‌ವಿಟ್ಸ್ ಆಡಿಯೊ ಆರ್ಟಿಸ್ಟ್ರಿ ಎಂಬ ಕಂಪನಿಯಲ್ಲಿ ಇಂಥ ಸ್ಪೀಕರುಗಳನ್ನು ರೂಪಿಸಿದರು. ಅವುಗಳಿಗೆ ವಿವಾಲ್ಡಿ, ಡ್ವೊರ್ಜಾಕ್, ಬೇಥೋವನ್ ಎಂದು ಸಂಗೀತಗಾರರ ಹೆಸರು. ಆಮೇಲೆ ಅವರು ಅಂಗಡಿಯ ದಾರಿಯನ್ನು ಬಿಟ್ಟು, ಮನೆಯಲ್ಲಿ ತಾವೇ ಕಟ್ಟಿಕೊಳ್ಳುವವರಿಗಾಗಿ ಒರಾಯನ್ ಎಂಬ ತೆರೆದ ಹಲಗೆಯ ಸ್ಪೀಕರನ್ನು ರೂಪಿಸಿ, ನಕ್ಷೆಯನ್ನೂ ಮಂಡಲವನ್ನೂ ಸಾಧಾರಣ ಬೆಲೆಗೆ ಕೊಡತೊಡಗಿದರು. ವಿನ್ಯಾಸದ ಹಿಂದಿನ ತರ್ಕವನ್ನು ಅವರು ಬಹುಪಾಲು ಬಯಲಿನಲ್ಲಿಯೇ ಇಟ್ಟಿದ್ದರು. ಒಂದು ವಿನ್ಯಾಸದಲ್ಲಿ ತಪ್ಪು ಕಂಡರೆ ಅದನ್ನು ಒಪ್ಪಿಕೊಂಡು ಮುಂದಿನ ಆವೃತ್ತಿಯಲ್ಲಿ ತಿದ್ದುತ್ತಿದ್ದರು.

ಇಲ್ಲಿ ಅವರ ಬದುಕಿನ ಅತ್ಯಂತ ಕುತೂಹಲದ ಘಟ್ಟ ಬರುತ್ತದೆ. ಒರಾಯನ್ ಡೈಪೋಲ್. ಅದಾದ ಮೇಲೆ ಅವರು ಅದಕ್ಕೆ ತದ್ವಿರುದ್ಧವಾದ ಪ್ಲೂಟೊ ಎಂಬ ಚಿಕ್ಕ ಸ್ಪೀಕರನ್ನು ಮಾಡಿದರು: ನೀರಿನ ಕೊಳವೆಯಂಥ ಪ್ಲಾಸ್ಟಿಕ್ ಕೊಳವೆಯೊಳಗೆ ಘಟಕಗಳನ್ನು ಕೂರಿಸಿ ಶಬ್ದ ಆದಷ್ಟೂ ಎಲ್ಲ ದಿಕ್ಕಿಗೂ ಸಮನಾಗಿ ಹರಡುವಂತೆ ಮಾಡಿದ್ದು. ಒಂದು ಪಕ್ಕಕ್ಕೆ ಶಬ್ದವನ್ನೇ ಕಳಿಸುವುದಿಲ್ಲ, ಇನ್ನೊಂದು ಎಲ್ಲ ಪಕ್ಕಕ್ಕೂ ಕಳಿಸುತ್ತದೆ. ಒಂದೇ ಕೋಣೆಯಲ್ಲಿ ಇವೆರಡರ ಮರುಶಬ್ದ ಪೂರ್ತಿ ಬೇರೆಯಾಗಿರಬೇಕು, ಆದ್ದರಿಂದ ಕೇಳುವುದಕ್ಕೂ ಬೇರೆಯಾಗಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಆದರೆ ಅವರ ಮನೆಯ ಕೋಣೆಯಲ್ಲಿ ಎರಡೂ ಅಚ್ಚರಿಯಾಗುವಷ್ಟು ಒಂದೇ ರೀತಿ ಕೇಳಿಸಿದವು. 2007ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಸಮ್ಮೇಳನದಲ್ಲಿ ಅವರು ಮಂಡಿಸಿದ ಪ್ರಬಂಧ ಈ ಅಚ್ಚರಿಯನ್ನು ಕುರಿತದ್ದು. ಕೋಣೆಯ ಪ್ರತಿಫಲನಗಳನ್ನು ನಾವು ತಪ್ಪಾಗಿ ತಿಳಿದಿದ್ದೇವೆಯೇ ಎಂಬ ಪ್ರಶ್ನೆಯೇ ಅದರ ಶೀರ್ಷಿಕೆ.

ಅವರು ಕೊಟ್ಟ ವಿವರಣೆ ಕಿವಿಯ ಹಿಂದಿರುವ ಮಿದುಳಿನ ಬಗ್ಗೆ. ಮೊದಲು ತಲುಪಿದ ಅಲೆಯ ದಿಕ್ಕನ್ನೇ ನಾವು ಶಬ್ದದ ದಿಕ್ಕೆಂದು ತಿಳಿಯುತ್ತೇವೆ, ಕೆಲವು ಮಿಲಿಸೆಕೆಂಡುಗಳ ಅನಂತರ ಬರುವ ಪ್ರತಿಗಳನ್ನು ಪ್ರತ್ಯೇಕ ಶಬ್ದಗಳಾಗಿ ಕೇಳುವುದಿಲ್ಲ ಎಂಬುದು 1940ರ ದಶಕದ ಕೊನೆಯಲ್ಲಿ ಹೆಲ್ಮುಟ್ ಹಾಸ್ ಮುಂತಾದವರ ಪ್ರಯೋಗಗಳಿಂದ ತಿಳಿದಿತ್ತು. ಲಿಂಕ್‌ವಿಟ್ಸ್ ಇದಕ್ಕೆ ಒಂದು ಷರತ್ತನ್ನು ಸೇರಿಸಿದರು: ಮರುಶಬ್ದವು ನೇರ ಶಬ್ದದ ಪ್ರತಿಯಂತೆಯೇ ಇರಬೇಕು, ಸ್ವರಗಳ ಸಮತೋಲನದಲ್ಲಿ ಅದರಿಂದ ದೂರ ಸರಿದಿರಬಾರದು. ಹಾಗಿದ್ದರೆ ಮಿದುಳು ಅದನ್ನು ‘ಇದು ಕೋಣೆಯ ಸದ್ದು’ ಎಂದು ಗುರುತಿಸಿ ಬದಿಗಿಡುತ್ತದೆ, ಧ್ವನಿಮುದ್ರಣದೊಳಗಿನ ಸಭಾಂಗಣ ಕೇಳುಗನೆದುರು ತೆರೆದುಕೊಳ್ಳುತ್ತದೆ. ಸಮತೋಲನ ಕೆಟ್ಟಿದ್ದರೆ ಹೀಗೆ ಬದಿಗಿಡುವುದು ಕಷ್ಟವಾಗಿ ಶಬ್ದ ಸ್ಪೀಕರಿಗೇ ಅಂಟಿಕೊಂಡಂತೆ ಕೇಳುತ್ತದೆ. ಒರಾಯನ್ ಮತ್ತು ಪ್ಲೂಟೊಗಳ ಆಕಾರಗಳು ಬೇರೆ. ಆದರೆ ತನ್ನ ತನ್ನ ಆಕಾರವನ್ನು ಸ್ವರದಿಂದ ಸ್ವರಕ್ಕೆ ಹೆಚ್ಚು ಬದಲಿಸದೆ ಉಳಿಸಿಕೊಳ್ಳುವ ಗುಣ ಎರಡಕ್ಕೂ ಸಮಾನ. ಈ ತರ್ಕವನ್ನು ಅವರು ತಮ್ಮ ಸ್ಪೀಕರಿನ ಮೇಲೆಯೇ ಪ್ರಯೋಗಿಸಿದರು. ಒರಾಯನ್‌ನ ಟ್ವೀಟರು ಮುಂದಕ್ಕೆ ಮಾತ್ರ ನುಡಿಯುತ್ತಿದ್ದುದರಿಂದ ಮೇಲಿನ ಸ್ವರಗಳಲ್ಲಿ 8ರ ಆಕಾರ ಮುರಿಯುತ್ತಿತ್ತು. ಹಿಂಬದಿಗೂ ಒಂದು ಟ್ವೀಟರನ್ನು ಸೇರಿಸಿದಾಗ ಒರಾಯನ್ ಮತ್ತು ಪ್ಲೂಟೊಗಳ ಹೋಲಿಕೆ ಇನ್ನಷ್ಟು ಹೆಚ್ಚಿತು.

ಈ ವಿವರಣೆಯನ್ನು ಎಲ್ಲ ಸಂಶೋಧಕರೂ ಇಡಿಯಾಗಿ ಒಪ್ಪಬೇಕೆಂದಿಲ್ಲ. ಪಕ್ಕದ ಗೋಡೆಯ ಪ್ರತಿಫಲನ ಎಷ್ಟು ಬೇಕು ಎಂಬ ಚರ್ಚೆ ಈಗಲೂ ನಡೆಯುತ್ತಲೇ ಇದೆ. ಆದರೂ ಅದರಿಂದ ಹೊರಡುವ ಸಲಹೆ ಯಾವ ಮನೆಯಲ್ಲೂ ಪರೀಕ್ಷಿಸಬಹುದಾದದ್ದು. ಸ್ಪೀಕರನ್ನು ಗೋಡೆಗೆ ಒತ್ತಿ ಇಡದೆ ಕನಿಷ್ಠ ಒಂದು ಮೀಟರ್ ಮುಂದೆ ತಂದರೆ, ಹಿಂದಕ್ಕೆ ಹೋದ ಶಬ್ದ ಗೋಡೆಯನ್ನು ಮುಟ್ಟಿ ಮರಳುವಾಗ ಎರಡು ಮೀಟರ್ ಹೆಚ್ಚು ನಡೆದು ಸುಮಾರು 6 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಆ ತಡವೇ ನೇರ ಶಬ್ದವನ್ನೂ ಮರುಶಬ್ದವನ್ನೂ ಬೇರ್ಪಡಿಸಿಕೊಳ್ಳಲು ಮಿದುಳಿಗೆ ಸಿಗುವ ಅವಕಾಶ. ನಮ್ಮ ಮನೆಗಳ ನಡುಮನೆಯಲ್ಲಿ ಒಂದು ಮೀಟರ್ ಜಾಗವನ್ನು ಬಿಡುವುದು ಸುಲಭವಲ್ಲವೆಂದು ಬಲ್ಲೆ. ಕೇಳುವ ಹೊತ್ತಿಗಷ್ಟೇ ಮುಂದೆ ಎಳೆದಿಟ್ಟುಕೊಂಡು ಮತ್ತೆ ಹಿಂದೆ ಸರಿಸಿದರೂ ವ್ಯತ್ಯಾಸ ತಿಳಿಯುತ್ತದೆ.

ಅನಂತರದ ಎಲ್‌ಎಕ್ಸ್521, ನಾಲ್ಕು ಬಗೆಯ ಘಟಕಗಳನ್ನು ಬಳಸಿ ಡೈಪೋಲ್ ಆಕಾರವನ್ನು ಮೇಲಿನವರೆಗೂ ಕಾಪಾಡಿದ ಅವರ ಕೊನೆಯ ದೊಡ್ಡ ವಿನ್ಯಾಸ. ನನ್ನ ಮೆಚ್ಚಿನದು ಮಾತ್ರ ಎಲ್‌ಎಕ್ಸ್‌ಮಿನಿ. ನೆಟ್ಟಗೆ ನಿಲ್ಲಿಸಿದ ಒಂದು ಪ್ಲಾಸ್ಟಿಕ್ ಕೊಳವೆಯ ಬಾಯಲ್ಲಿ ಚಾವಣಿಯತ್ತ ಮುಖಮಾಡಿದ ವೂಫರು. ಅದರ ಮೇಲೆ ಅಡ್ಡಲಾಗಿ, ಹಿಂದೆ ತೆರೆದಿರುವ ಇನ್ನೊಂದು ಗಿಡ್ಡ ಕೊಳವೆಯಲ್ಲಿ ನಾಲ್ಕು ಇಂಚಿನ ಸ್ಪೀಕರು. ಮಂದ್ರದಲ್ಲಿ ಶಬ್ದ ಎಲ್ಲ ಕಡೆಗೂ, ಮೇಲೆ 8ರ ಆಕಾರದಲ್ಲಿ. ನಲವತ್ತು ವರ್ಷ ಕೇಳಿದ ಪ್ರಶ್ನೆಯ ಉತ್ತರ ಮರಗೆಲಸ ಬಾರದವರೂ ಕೊಳವೆಯ ಅಂಗಡಿಯಿಂದ ತಂದು ಜೋಡಿಸಿಕೊಳ್ಳುವಷ್ಟು ಹಗುರವಾಗಿತ್ತು. ಮೂಲದಲ್ಲಿ ಡಿಜಿಟಲ್ ಪ್ರೊಸೆಸರಿನಿಂದ ನಡೆಯುತ್ತಿದ್ದ ಅದಕ್ಕೆ ಆಂಪ್ಲಿಫೈಯರ್ ವಿನ್ಯಾಸಕಾರ ನೆಲ್ಸನ್ ಪಾಸ್ ಅನಲಾಗ್ ಮಂಡಲವೊಂದನ್ನು ಮಾಡಿಕೊಟ್ಟರು.

ಇನ್ನು ಮೊದಲಿಗೆ ಹೇಳಿದ ಪರದೆಯ ಮೇಲಿನ ‘ಎಲ್‌ಆರ್ 24’ಕ್ಕೆ ಬರುತ್ತೇನೆ. ಅದನ್ನು ಆಯ್ದುಕೊಂಡ ಮಾತ್ರಕ್ಕೆ ಗಾಳಿಯಲ್ಲಿ ಲಿಂಕ್‌ವಿಟ್ಸ್-ರೈಲಿ ಸಿಗುವುದಿಲ್ಲ ಎಂಬುದನ್ನು ಬಳಸುವವರು ಅನೇಕ ಸಲ ಮರೆಯುತ್ತಾರೆ. ಟ್ವೀಟರಿಗೂ ವೂಫರಿಗೂ ತಮ್ಮದೇ ಇಳಿತಗಳಿವೆ, ಒಂದರ ಪೊರೆ ಇನ್ನೊಂದಕ್ಕಿಂತ ಒಂದೆರಡು ಸೆಂಟಿಮೀಟರ್ ಹಿಂದಿರುತ್ತದೆ. ಮಂಡಲದ ಇಳಿತ, ಘಟಕದ ಇಳಿತ, ಹಿಂದುಮುಂದಿನ ಅಂತರ ಇವೆಲ್ಲ ಸೇರಿ ಹೊರಬೀಳುವ ಶಬ್ದವೇ 6 ಡೆಸಿಬೆಲ್ ಕೆಳಗೆ, ಒಂದೇ ಹೆಜ್ಜೆಯಲ್ಲಿ ಕೂಡಬೇಕು. ಕೂಡಿದೆಯೇ ಎಂದು ತಿಳಿಯಲು ಒಂದು ಹಳೆಯ ಪರೀಕ್ಷೆಯಿದೆ. ಮೈಕನ್ನು ಕೇಳುಗನ ಕಿವಿಯ ಎತ್ತರದಲ್ಲಿ ನಿಲ್ಲಿಸಿ, ಟ್ವೀಟರಿನ ಎರಡು ತಂತಿಗಳನ್ನು ಬೇಕೆಂದೇ ಅದಲುಬದಲು ಮಾಡಿ ಅಳೆಯಬೇಕು. ಹೆಜ್ಜೆ ನಿಜವಾಗಿ ಕೂಡಿದ್ದರೆ ಈಗ ಅವು ಪೂರ್ತಿ ವಿರುದ್ಧವಾಗಿರುತ್ತವೆ, ಆದ್ದರಿಂದ ಪಾಲಿನ ಬಿಂದುವಿನಲ್ಲಿ ಬಾವಿಯಂಥ ಕುಳಿಯೊಂದು ಬೀಳಬೇಕು. ಕುಳಿ ಆಳವಿಲ್ಲದಿದ್ದರೆ ಅಥವಾ ಪಕ್ಕಕ್ಕೆ ಸರಿದಿದ್ದರೆ ಟ್ವೀಟರಿನ ತಡವನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತ ಅದನ್ನು ನಡುವಿಗೆ ತರಬೇಕು. ಕುಳಿ ಎಷ್ಟು ಆಳವಾಗುತ್ತದೋ ಅಷ್ಟು ಆಳವಾದ ಮೇಲೆ ತಂತಿಗಳನ್ನು ಮೊದಲಿನಂತೆ ಜೋಡಿಸಿ ಮತ್ತೊಮ್ಮೆ ಅಳೆದರೆ, ಅದೇ ಜಾಗದಲ್ಲಿ ಗೆರೆ ಸಮತಟ್ಟಾಗಿ ಹಾಯ್ದುಹೋಗುವುದು ಪರದೆಯ ಮೇಲೆ ಕಾಣುತ್ತದೆ.